ಗಿನಿಪಿಗ್ ಮೈ ಕೆರ್ಕೊಳ್ತಿದ್ಯಾ? ದನದ ಇಂಜೆಕ್ಷನ್ ಕೈಗೆತ್ತಿಕೊಳ್ಳೋ ಮುಂಚೆ ಇದನ್ನ ಓದಿ

ಶಿವಮೊಗ್ಗ: ಮನೆಯಲ್ಲಿ ಸಾಕಿದ ಗಿನಿಪಿಗ್ ಹಗಲು ರಾತ್ರಿ ಮೈ ಕೆರೆದುಕೊಳ್ಳೋಕೆ ಶುರು ಮಾಡಿದ್ರೆ ಸಾಮಾನ್ಯವಾಗಿ ನಡೆಯೋದು ಹೀಗೆ. ಮೊದಲು ಬೇವಿನ ಎಣ್ಣೆ ಹಚ್ತಾರೆ. ಕಡಿಮೆ ಆಗ್ಲಿಲ್ಲ ಅಂದ್ರೆ ಡೆಟಾಲ್ ನೀರಲ್ಲಿ ಸ್ನಾನ ಮಾಡಿಸ್ತಾರೆ. ಅದಕ್ಕೂ ಬಗ್ಗದಿದ್ರೆ, ಕೊಟ್ಟಿಗೆಯಲ್ಲಿ ದನಕ್ಕೆ ಅಂತ ತಂದಿಟ್ಟ ಇಂಜೆಕ್ಷನ್ ಬಾಟಲಿಯಿಂದ "ಒಂಚೂರು" ಎಳೆದು ಕೊಟ್ಟುಬಿಡ್ತಾರೆ. ಮಾರನೇ ದಿನ ಪ್ರಾಣಿ ಅಡ್ಡ ಮಲಗಿರುತ್ತೆ. ಆಗ ಮನೆಯವರ ಮಾತು ಒಂದೇ: "ಪಾಪ, ಕಜ್ಜಿ ಬಂದು ಸತ್ತುಹೋಯ್ತು."

ಕಜ್ಜಿಯನ್ನ ಹಾಗೇ ಬಿಟ್ಟರೆ ಅದೂ ಕೊಲ್ಲುತ್ತೆ, ನಿಜ. ಆದ್ರೆ ಇದು ಪೂರ್ತಿ ವಾಸಿ ಆಗೋ ಕಾಯಿಲೆ. ಔಷಧಿ ಇದೆ, ತುಂಬಾ ದುಬಾರಿಯೂ ಅಲ್ಲ. ಎಡವಟ್ಟಾಗೋದು ಅಳತೆಯಲ್ಲಿ, ಔಷಧಿಯ ಆಯ್ಕೆಯಲ್ಲಿ, ಅರ್ಧಕ್ಕೇ ಚಿಕಿತ್ಸೆ ನಿಲ್ಲಿಸೋದ್ರಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಪಂಜರ ಒಣಗೋದೇ ಕಷ್ಟ ಅನ್ನೋ ನಮ್ಮ ಜಿಲ್ಲೆಯಲ್ಲಿ ಈ ವಿಷಯ ಗೊತ್ತಿದ್ರೆ ಒಳ್ಳೇದು.

ಕೆರ್ಕೊಳ್ಳೋದೆಲ್ಲ ರೋಗ ಅಲ್ಲ

ಗಿನಿಪಿಗ್ ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆಯವರು ಸಾವಿರಾರು ವರ್ಷಗಳ ಹಿಂದೆಯೇ ಮಾಂಸಕ್ಕೆ ಅಂತ ಸಾಕಿ ಪಳಗಿಸಿದ ಪ್ರಾಣಿ ಇದು. ಪೆರು ದೇಶದಲ್ಲಿ ಈಗಲೂ ತಿಂತಾರೆ. ಬೆಳೆದ ಗಿನಿಪಿಗ್ ಸುಮಾರು 700 ಗ್ರಾಂನಿಂದ 1200 ಗ್ರಾಂ ತೂಗುತ್ತೆ. ಚೆನ್ನಾಗಿ ನೋಡಿಕೊಂಡ್ರೆ ಐದರಿಂದ ಎಂಟು ವರ್ಷ ಬದುಕುತ್ತೆ. ಈ ತೂಕದ ಲೆಕ್ಕ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆರೋಗ್ಯವಾಗಿರೋ ಗಿನಿಪಿಗ್ ಕೂಡ ದಿನಕ್ಕೆ ನಾಲ್ಕಾರು ಸಲ ಮೈ ಕೆರೆದುಕೊಳ್ಳುತ್ತೆ, ಮುಖ ಒರೆಸಿಕೊಳ್ಳುತ್ತೆ. ಎರಡೂ ಕಿವಿಗಳ ಹಿಂದೆ ಕೂದಲಿಲ್ಲದ ಸಣ್ಣ ಬೋಳು ಜಾಗ ಹುಟ್ಟಿನಿಂದಲೇ ಇರುತ್ತೆ. ಹೊಸದಾಗಿ ಸಾಕಿದವರು ಅದನ್ನ ನೋಡಿ ಗಾಬರಿ ಆಗೋದುಂಟು. ಗಾಬರಿ ಬೇಡ. ಬೆನ್ನಿನ ಕೊನೇಲಿ, ಬಾಲ ಇರಬೇಕಾದ ಜಾಗದಲ್ಲಿ ಜಿಡ್ಡು ಜಿಡ್ಡಾಗಿದ್ರೆ ಅದು ಎಣ್ಣೆ ಗ್ರಂಥಿ. ಅದೂ ರೋಗ ಅಲ್ಲ.

ಚಿಂತೆ ಮಾಡಬೇಕಾದ ಲಕ್ಷಣಗಳು ಇವು:

- ತಿನ್ನೋದನ್ನ ಬಿಟ್ಟು ಬಿಟ್ಟು ಕೆರೆದುಕೊಳ್ಳೋದು, ತನ್ನ ಮೈಯನ್ನ ತಾನೇ ಕಚ್ಚಿಕೊಳ್ಳೋದು
- ಬೆನ್ನು, ಭುಜಗಳ ನಡುವೆ, ಕುತ್ತಿಗೆ, ತೊಡೆಯ ಒಳಭಾಗದಲ್ಲಿ ಕೂದಲು ಉದುರೋದು
- ಕೂದಲು ಬಿಡಿಸಿ ನೋಡಿದ್ರೆ ಬಿಳಿ ಹೊಟ್ಟು, ಹಳದಿ ಹಕ್ಕಳೆ, ದಪ್ಪಗಾದ ಒರಟು ಚರ್ಮ, ಗಾಯ
- ಬೆನ್ನು ಮುಟ್ಟಿದ ಕೂಡಲೇ ಕಿರುಚೋದು, ತಲೆ ಹಿಂದಕ್ಕೆ ತಿರುಗಿಸಿ ಕಚ್ಚೋಕೆ ಬರೋದು
- ತೂಕ ಇಳಿಯೋದು, ಮೂಲೆ ಹಿಡಿದು ಕೂರೋದು

ಕೂದಲು ಉದುರಿದೆ, ಆದ್ರೆ ತುರಿಕೆ ಇಲ್ಲ ಅಂದ್ರೆ ಕಾರಣ ಬೇರೆ ಇರಬಹುದು. ಗಬ್ಬದ ಕೊನೆಯಲ್ಲಿ ಹೆಣ್ಣು ಗಿನಿಪಿಗ್‌ಗಳ ಕೂದಲು ತೆಳ್ಳಗಾಗುತ್ತೆ. ಸ್ವಲ್ಪ ವಯಸ್ಸಾದ ಹೆಣ್ಣಿಗೆ ಹೊಟ್ಟೆಯ ಎರಡೂ ಪಕ್ಕದಲ್ಲಿ ಒಂದೇ ಥರ ಕೂದಲು ಉದುರಿದ್ರೆ ಅಂಡಾಶಯದಲ್ಲಿ ಗಡ್ಡೆ ಇದ್ಯಾ ಅಂತ ಡಾಕ್ಟ್ರು ನೋಡ್ತಾರೆ. ಒಂದೇ ಪಂಜರದಲ್ಲಿ ಇರೋ ಜೊತೆಗಾರ ಕೂದಲು ಕಡಿದು ತಿನ್ನೋದೂ ಉಂಟು.

ಕೆರೆಸೋದು ಯಾವ ಹುಳ?

ನಮ್ಮ ಕಡೆ ತೋಟ ಇರೋರಿಗೆ ನುಸಿ ಅಂದ್ರೆ ಹೊಸದಾಗಿ ಹೇಳಬೇಕಾಗಿಲ್ಲ. ತೆಂಗಿನಕಾಯಿ ಹೊರಮೈ ಸುಕ್ಕು ಸುಕ್ಕಾಗಿ ಒಡೆಯೋ ಹಾಗೆ ಮಾಡೋದು ನುಸಿ. ಗಿನಿಪಿಗ್ ಮೈಗೆ ಬರೋದೂ ನುಸಿಯೇ, ಜಾತಿ ಬೇರೆ. ಇಂಗ್ಲಿಷಿನಲ್ಲಿ ಮೈಟ್ಸ್ ಅಂತಾರೆ.

ಎಲ್ಲಕ್ಕಿಂತ ಕೆಟ್ಟದ್ದು ಟ್ರಿಕ್ಸಾಕಾರಸ್ ಕೇವಿಯೇ ಅನ್ನೋ ನುಸಿ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದು 1972ರಲ್ಲಿ. ಮನುಷ್ಯರಿಗೆ ತುರಿಕಜ್ಜಿ ತರೋ ನುಸಿಯ ಹತ್ತಿರದ ನೆಂಟ. ಕಾಲು ಮಿಲಿಮೀಟರಿಗಿಂತ ಚಿಕ್ಕದು, ಬರಿಗಣ್ಣಿಗೆ ಕಾಣಲ್ಲ. ಇದು ಚರ್ಮದ ಮೇಲೆ ಓಡಾಡಿಕೊಂಡು ಇರೋದಲ್ಲ. ಚರ್ಮದ ಒಳಗೆ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡುತ್ತೆ. ಮೇಲೆ ಹೇಳಿದ ಭಯಂಕರ ತುರಿಕೆ, ಹಕ್ಕಳೆ, ನೋವು ಎಲ್ಲಾ ಇದರದ್ದೇ.

ಎರಡನೇದು ಕೂದಲ ನುಸಿ. ಹೆಸರು ಕೈರೋಡಿಸ್ಕಾಯ್ಡಿಸ್ ಕೇವಿಯೇ. ಇದು ಚರ್ಮದೊಳಗೆ ಹೋಗಲ್ಲ, ಕೂದಲನ್ನ ಹಿಡ್ಕೊಂಡು ಇರುತ್ತೆ. ಕೂದಲಿಗೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆಗಳು ಕಾಣಬಹುದು. ಕಮ್ಮಿ ಇದ್ದಾಗ ತುರಿಕೆಯೇ ಇರಲ್ಲ.

ಮೂರನೇದು ಹೇನು. ಬರಿಗಣ್ಣಿಗೆ ಕಾಣುತ್ತೆ, ತಿಳಿ ಬಣ್ಣದ್ದು, ಕೂದಲ ಬುಡದಲ್ಲಿ ಓಡಾಡುತ್ತೆ. ಕೂದಲಿಗೆ ಸೀರು ಅಂಟಿಕೊಂಡಿರುತ್ತೆ. ಇದು ಗಿನಿಪಿಗ್‌ನ ಹೇನು, ಮಕ್ಕಳ ತಲೆಗೆ ಬರಲ್ಲ.

ನಾಲ್ಕನೇದು ಹುಳವೇ ಅಲ್ಲ, ಹೆಸರು ಮಾತ್ರ ಹುಳಕಡ್ಡಿ. ಇದು ಫಂಗಸ್. ಸಾಮಾನ್ಯವಾಗಿ ಮೂಗು, ಕಣ್ಣಿನ ಸುತ್ತ, ಕಿವಿಯಿಂದ ಶುರುವಾಗಿ ಹಿಂದಕ್ಕೆ ಹರಡುತ್ತೆ. ದುಂಡಗೆ ಕೂದಲು ಉದುರಿ ಹೊಟ್ಟು ಏಳುತ್ತೆ, ತುರಿಕೆ ಕಮ್ಮಿ. ನುಸಿಗೆ ಕೊಡೋ ಔಷಧಿ ಇದಕ್ಕೆ ಏನೂ ಮಾಡಲ್ಲ. ಇದಕ್ಕೆ ಕೊಡೋ ಮುಲಾಮು ನುಸಿಗೆ ಏನೂ ಮಾಡಲ್ಲ. ಕೆಲವೊಮ್ಮೆ ಎರಡೂ ಒಟ್ಟಿಗೇ ಇರುತ್ತೆ.

ಅದಕ್ಕೇ ಡಾಕ್ಟ್ರು ಚರ್ಮವನ್ನ ಬ್ಲೇಡಿನಿಂದ ಹಗುರವಾಗಿ ಕೆರೆದು, ಇಲ್ಲವೇ ಕೂದಲಿಗೆ ಸೆಲ್ಲೋಟೇಪ್ ಅಂಟಿಸಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ. ಇನ್ನೊಂದು ವಿಷಯ. ಒಳಗೆ ಸುರಂಗದಲ್ಲಿರೋ ನುಸಿ ಒಂದು ಸಲ ಕೆರೆದ ಮಾತ್ರಕ್ಕೆ ಸಿಗಲೇಬೇಕು ಅಂತಿಲ್ಲ. ಸ್ಯಾಂಪಲ್‌ನಲ್ಲಿ ಏನೂ ಕಾಣದಿದ್ದರೂ ಲಕ್ಷಣ ನೋಡಿ ಡಾಕ್ಟ್ರು ನುಸಿಗೇ ಔಷಧಿ ಶುರು ಮಾಡಿದ್ರೆ ಅದು ಸರಿಯಾದ ಕ್ರಮವೇ.

ಎಲ್ಲಿಂದ ಬರುತ್ತೆ?

ಮುಖ್ಯವಾಗಿ ಇನ್ನೊಂದು ಗಿನಿಪಿಗ್‌ನಿಂದ. ಅಂಗಡಿಯಲ್ಲಿ ಒಂದೇ ಪಂಜರದಲ್ಲಿ ಹತ್ತಾರು ಮರಿಗಳು ತುಂಬಿರುತ್ತವೆ, ಅಲ್ಲಿ ಒಂದಕ್ಕಿದ್ರೆ ಸಾಕು. ತಾಯಿಯಿಂದ ಮರಿಗೂ ಬರುತ್ತೆ. ಎಷ್ಟೋ ಪ್ರಾಣಿಗಳಲ್ಲಿ ನುಸಿ ಇದ್ದರೂ ತಿಂಗಳುಗಟ್ಟಲೆ ಏನೂ ಕಾಣಿಸಲ್ಲ. ಜಾಗ ಬದಲಾದಾಗ, ನಾಯಿ ಬೊಗಳಾಟಕ್ಕೆ ಹೆದರಿದಾಗ, ಗಬ್ಬ ಆದಾಗ, ಬೇರೆ ಕಾಯಿಲೆ ಬಂದಾಗ, ಊಟ ಸರಿ ಇಲ್ಲದಾಗ ಮೈಯ ಶಕ್ತಿ ಕುಗ್ಗಿ ನುಸಿ ಒಮ್ಮೆಲೇ ಹೆಚ್ಚುತ್ತೆ. "ತಂದು ಆರು ತಿಂಗಳಾಯ್ತು, ಹೊರಗೆ ಬಿಟ್ಟೇ ಇಲ್ಲ, ಎಲ್ಲಿಂದ ಬಂತು?" ಅನ್ನೋ ಪ್ರಶ್ನೆಗೆ ಉತ್ತರ ಇಲ್ಲಿದೆ.

ಹಾಗಾಗಿ ಹೊಸ ಗಿನಿಪಿಗ್ ತಂದ್ರೆ ಎರಡರಿಂದ ಮೂರು ವಾರ ಬೇರೆ ರೂಮಿನಲ್ಲಿ ಇಡಿ. ಹಳೇದನ್ನ ಮೊದಲು ನೋಡಿಕೊಂಡು, ಆಮೇಲೆ ಹೊಸದರ ಕೆಲಸ ಮಾಡಿ ಕೈ ತೊಳೆದುಕೊಳ್ಳಿ.

ಮನೆಮದ್ದು ಯಾಕೆ ನಡೆಯಲ್ಲ?

ಬೇವಿನ ಎಣ್ಣೆ, ಹೊಂಗೆ ಎಣ್ಣೆ ಹಚ್ಚಿದ್ರೆ ಒಣಗಿದ ಚರ್ಮ ಮೆತ್ತಗಾಗಿ ಒಂದು ದಿನ ಸುಧಾರಿಸಿದ ಹಾಗೆ ಕಾಣುತ್ತೆ. ಆದ್ರೆ ಸುರಂಗದೊಳಗೆ ಇರೋ ನುಸಿಯನ್ನ, ಅದರ ಮೊಟ್ಟೆಯನ್ನ ಮುಗಿಸೋಕೆ ಅದರಿಂದ ಆಗಲ್ಲ. ಗಿನಿಪಿಗ್ ತನ್ನ ಮೈ ತಾನೇ ನೆಕ್ಕಿ ಚೊಕ್ಕ ಮಾಡಿಕೊಳ್ಳೋ ಪ್ರಾಣಿ. ನೀವು ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತೆ. ಕರ್ಪೂರ ಕರಗಿಸಿದ ಎಣ್ಣೆ, ಸೀಮೆಎಣ್ಣೆ, ಫಿನಾಯಿಲ್ ನೀರು ಇವಂತೂ ನೇರ ವಿಷ. ಡೆಟಾಲ್ ಗಾಯದ ಚರ್ಮವನ್ನ ಸುಡುತ್ತೆ.

ನಾಯಿಗೆ ಹಾಕೋ ಉಣ್ಣೆ ಸ್ಪ್ರೇ, ಚಿಗಟದ ಪೌಡರ್, ಬೆಲ್ಟು, ಹಸುವಿನ ಉಣುಗಿಗೆ ನೀರಲ್ಲಿ ಕಲಸಿ ಹೊಡೆಯೋ ಔಷಧಿ ಕೂಡ ಬೇಡ. ಹತ್ತು ಕೆಜಿ, ಮುನ್ನೂರು ಕೆಜಿ ಪ್ರಾಣಿಗೆ ಅಂತ ಮಾಡಿದ್ದು ಮುಕ್ಕಾಲು ಕೆಜಿ ಪ್ರಾಣಿಯ ಮೇಲೆ ಬಿದ್ರೆ ಏನಾಗುತ್ತೆ ಅಂತ ನೀವೇ ಯೋಚನೆ ಮಾಡಿ.

ಸ್ನಾನ ಮಾಡಿಸೋದೂ ಒಳ್ಳೇದಲ್ಲ. ಉರಿಯೋ ಚರ್ಮಕ್ಕೆ ನೀರು, ಉಜ್ಜಾಟ, ಹೆದರಿಕೆ ಎಲ್ಲಾ ಸೇರಿ ಫಿಟ್ಸ್ ಬರಬಹುದು. ಮಳೆಗಾಲದಲ್ಲಿ ಒದ್ದೆ ಮೈ ಬೇಗ ಒಣಗಲ್ಲ, ಶೀತ ಆಗಿ ನ್ಯುಮೋನಿಯಾಕ್ಕೆ ತಿರುಗುತ್ತೆ.

ಐವರ್ಮೆಕ್ಟಿನ್: ಒಂದು ಹನಿಯೂ ಜಾಸ್ತಿ

ಇದಕ್ಕೆ ಡಾಕ್ಟ್ರು ಹೆಚ್ಚಾಗಿ ಬಳಸೋದು ಐವರ್ಮೆಕ್ಟಿನ್. ಕೋವಿಡ್ ಟೈಮಲ್ಲಿ ಎಲ್ಲರ ಬಾಯಲ್ಲೂ ಇದ್ದ ಹೆಸರು. ಇದನ್ನ ಕಂಡುಹಿಡಿದ ಕೆಲಸಕ್ಕೆ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಬಂತು. ಈ ಔಷಧಿ ರಕ್ತದ ಮೂಲಕ ಚರ್ಮಕ್ಕೆ ತಲುಪಿ ನುಸಿಯ ನರಗಳನ್ನ ಕಟ್ಟಿಹಾಕುತ್ತೆ. ನುಸಿಗೆ ಲಕ್ವಾ ಹೊಡೆದ ಹಾಗಾಗಿ ಸಾಯುತ್ತೆ. ಸರಿಯಾದ ಅಳತೆಯಲ್ಲಿದ್ರೆ ಗಿನಿಪಿಗ್‌ನ ಮಿದುಳಿಗೆ ಅಷ್ಟಾಗಿ ಹೋಗಲ್ಲ. ಅಳತೆ ಮೀರಿದ್ರೆ ಅಲ್ಲಿಗೂ ಹೋಗುತ್ತೆ. ಆಗ ನಡುಕ, ಜೊಲ್ಲು, ತೂರಾಟ, ಕೊನೆಗೆ ಪ್ರಜ್ಞೆ ತಪ್ಪಿ ಸಾವು.

ಈಗ ಲೆಕ್ಕ ನೋಡಿ.

ದನಕ್ಕೆ ಕೊಡೋ 1 ಪರ್ಸೆಂಟ್ ಇಂಜೆಕ್ಷನ್‌ನಲ್ಲಿ ಒಂದು ಎಂ.ಎಲ್.ಗೆ 10 ಮಿಲಿಗ್ರಾಂ ಔಷಧಿ ಇರುತ್ತೆ. ದನಕ್ಕೆ 50 ಕೆಜಿ ತೂಕಕ್ಕೆ 1 ಎಂ.ಎಲ್. ಲೆಕ್ಕ.

ಗಿನಿಪಿಗ್‌ಗೆ ಪಶುವೈದ್ಯರ ಪುಸ್ತಕಗಳಲ್ಲಿ ಇರೋ ಪ್ರಮಾಣ ಒಂದು ಕೆಜಿಗೆ ಸುಮಾರು 0.2ರಿಂದ 0.5 ಮಿಲಿಗ್ರಾಂ. ಅಂದ್ರೆ 800 ಗ್ರಾಂ ಪ್ರಾಣಿಗೆ 0.16ರಿಂದ 0.4 ಮಿಲಿಗ್ರಾಂ. ಅದೇ ದನದ ಬಾಟಲಿಯ ಲೆಕ್ಕದಲ್ಲಿ ಹೇಳಿದ್ರೆ 0.016ರಿಂದ 0.04 ಎಂ.ಎಲ್. ಡ್ರಾಪರ್‌ನಿಂದ ಬೀಳೋ ಒಂದು ಹನಿಯೇ ಸುಮಾರು 0.05 ಎಂ.ಎಲ್. ಇರುತ್ತೆ. ಅಂದ್ರೆ ಪೂರ್ತಿ ಡೋಸ್ ಒಂದು ಹನಿಗಿಂತ ಕಮ್ಮಿ!

"ಒಂಚೂರು" ಅಂತ ಒಂದು ಎಂ.ಎಲ್. ಕೊಟ್ರೆ ಅದು ಹೆಚ್ಚೆಂದರೆ ಕೊಡಬಹುದಾದ ಪ್ರಮಾಣದ 25 ಪಟ್ಟು. ಮನುಷ್ಯರ 12 ಮಿಲಿಗ್ರಾಂ ಮಾತ್ರೆ ಪುಡಿ ಮಾಡಿ ಕೊಟ್ರೆ 30 ಪಟ್ಟು. ಇನ್ನು 250 ಗ್ರಾಂ ಮರಿಯಾದ್ರೆ ಸಾದಾ ಸಿರಿಂಜಿನಲ್ಲಿ ಆ ಅಳತೆ ಹಿಡಿಯೋಕೇ ಆಗಲ್ಲ. ಡಾಕ್ಟ್ರು ಔಷಧಿಯನ್ನ ತೆಳು ಮಾಡಿ, ಇನ್ಸುಲಿನ್ ಸಿರಿಂಜಿನಂಥ ಸಣ್ಣ ಸಿರಿಂಜಿನಲ್ಲಿ ಅಳೆದು ಕೊಡ್ತಾರೆ.

ಈ ಲೆಕ್ಕ ಹೇಳಿದ್ದು ಮನೇಲಿ ನೀವೇ ಕೊಡಿ ಅಂತಲ್ಲ. ಕೈ ಅಂದಾಜು ಎಷ್ಟು ಅಪಾಯ ಅಂತ ಗೊತ್ತಾಗ್ಲಿ ಅಂತ. ಐವರ್ಮೆಕ್ಟಿನ್ ಬದಲು ಸೆಲಮೆಕ್ಟಿನ್ ಅನ್ನೋ ಔಷಧಿಯನ್ನ ಕುತ್ತಿಗೆಯ ಹಿಂದೆ ಚರ್ಮಕ್ಕೆ ಹಾಕೋ ಪದ್ಧತಿಯೂ ಇದೆ. ಅದೂ ಬೆಕ್ಕು ನಾಯಿಗಳ ತೂಕಕ್ಕೆ ತಕ್ಕ ಪ್ಯಾಕಿನಲ್ಲಿ ಬರೋದು, ಗಿನಿಪಿಗ್‌ಗೆ ಎಷ್ಟು ಅಂತ ಡಾಕ್ಟ್ರೇ ಹೇಳಬೇಕು.

ಮೂರು ಡೋಸ್ ಯಾಕೆ?

ಮೊದಲ ಇಂಜೆಕ್ಷನ್ ಆಗಿ ವಾರದಲ್ಲಿ ತುರಿಕೆ ಇಳಿಯೋಕೆ ಶುರುವಾಗುತ್ತೆ. "ವಾಸಿ ಆಯ್ತು ಬಿಡಿ, ಮತ್ತೆ ಬಸ್ ಚಾರ್ಜ್ ಯಾಕೆ" ಅಂತ ಅಲ್ಲಿಗೇ ನಿಲ್ಲಿಸೋದು ದೊಡ್ಡ ತಪ್ಪು.

ಔಷಧಿ ಸಾಯಿಸೋದು ಬದುಕಿರೋ ನುಸಿಯನ್ನ. ಮೊಟ್ಟೆಗೆ ಅದು ತಾಗಲ್ಲ. ಒಂದು ವಾರ, ಹತ್ತು ದಿನದಲ್ಲಿ ಆ ಮೊಟ್ಟೆ ಒಡೆದು ಹೊಸ ನುಸಿ ಬರುತ್ತೆ. ಅವು ದೊಡ್ಡದಾಗಿ ಮತ್ತೆ ಮೊಟ್ಟೆ ಇಡೋ ಮುಂಚೆ ಎರಡನೇ ಡೋಸ್ ಹೋಗಬೇಕು. ತಪ್ಪಿಸಿಕೊಂಡವಕ್ಕೆ ಮೂರನೇದು. ಅದಕ್ಕೇ ಸಾಮಾನ್ಯವಾಗಿ 7ರಿಂದ 14 ದಿನಕ್ಕೊಂದರಂತೆ ಮೂರು ಸಲ ಕೊಡ್ತಾರೆ. ಕ್ಯಾಲೆಂಡರ್ ಮೇಲೆ ಅವತ್ತೇ ಮೂರೂ ದಿನಾಂಕಕ್ಕೆ ಗುರುತು ಹಾಕ್ಬಿಡಿ.

ಇನ್ನೊಂದು, ಮನೇಲಿ ಎಷ್ಟು ಗಿನಿಪಿಗ್ ಇದ್ಯೋ ಅಷ್ಟಕ್ಕೂ ಒಂದೇ ದಿನ ಚಿಕಿತ್ಸೆ ಆಗಬೇಕು. ಕೆರ್ಕೊಳ್ಳದೇ ಆರಾಮಾಗಿ ಇರೋದಕ್ಕೂ ಸೇರಿ. ಒಂದನ್ನ ಬಿಟ್ಟರೆ ತಿಂಗಳೊಳಗೆ ಕಥೆ ಮೊದಲಿನಿಂದ ಶುರು. ಗಬ್ಬ ಇದೆ ಅನ್ನೋ ಅನುಮಾನ ಇದ್ರೆ ತಪ್ಪದೇ ಡಾಕ್ಟ್ರಿಗೆ ಹೇಳಿ. ಗಂಡು ಹೆಣ್ಣು ಒಟ್ಟಿಗಿದ್ದ ಪಂಜರದಿಂದ ತಂದ ಹೆಣ್ಣಾಗಿದ್ರೆ ಗಬ್ಬ ಇದ್ದೇ ಇರುತ್ತೆ ಅಂದುಕೊಳ್ಳೋದೇ ಒಳ್ಳೇದು.

ಮೆಡಿಕಲ್ ಶಾಪಿನ ಆಂಟಿಬಯಾಟಿಕ್ ಬೇಡವೇ ಬೇಡ

ಈ ಲೇಖನದಲ್ಲಿ ಒಂದೇ ಒಂದು ಪ್ಯಾರಾ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ಕೆರೆದು ಕೆರೆದು ಗಾಯ ಕೀವಾದಾಗ ಮನೇಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ಪನ್ನ ಎರಡು ಹನಿ ಹಾಕೋಣ ಅನ್ಸುತ್ತೆ. ಹಾಕಬೇಡಿ. ಗಿನಿಪಿಗ್‌ನ ಹೊಟ್ಟೆ ನಡೆಯೋದೇ ಕರುಳಿನಲ್ಲಿರೋ ಒಳ್ಳೆಯ ಬ್ಯಾಕ್ಟೀರಿಯಾಗಳಿಂದ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಥರದ ಔಷಧಿಗಳು ಅವನ್ನ ಸಾಯಿಸುತ್ತವೆ. ಆಗ ವಿಷ ಬಿಡೋ ಬ್ಯಾಕ್ಟೀರಿಯಾ ಹೆಚ್ಚಿ ಭೇದಿ ಆಗಿ ಕೆಲವೇ ದಿನದಲ್ಲಿ ಪ್ರಾಣ ಹೋಗುತ್ತೆ. ಮಗುವಿಗೆ ಕೊಡೋ ಔಷಧಿ ಅಲ್ವಾ, ಏನಾಗುತ್ತೆ ಅನ್ನೋ ಮಾತು ಇಲ್ಲಿ ನಡೆಯಲ್ಲ. ಮೇಲೆ ಹಚ್ಚೋ ಆಂಟಿಬಯಾಟಿಕ್ ಮುಲಾಮನ್ನೂ ನೆಕ್ಕುತ್ತೆ, ಅದೂ ಅಪಾಯ. ಗಿನಿಪಿಗ್‌ಗೆ ಆಗಿಬರೋ ಆಂಟಿಬಯಾಟಿಕ್‌ಗಳು ಬೇರೆ ಇವೆ, ಆರಿಸೋದು ಡಾಕ್ಟ್ರ ಕೆಲಸ.

ಫಿಟ್ಸ್ ಬಂದ್ರೆ?

ನುಸಿ ಜಾಸ್ತಿ ಆದಾಗ ತುರಿಕೆ, ನೋವು ತಡೆಯಲಾಗದೇ ಗಿನಿಪಿಗ್ ಬಿದ್ದು ಒದ್ದಾಡೋದುಂಟು. ನೋಡೋರಿಗೆ ಅಪಸ್ಮಾರದ ಥರಾನೇ ಕಾಣುತ್ತೆ. ಮೈ ಮುಟ್ಟಿದ್ದಕ್ಕೇ ಬರಬಹುದು. ಆಗ ಬಾಯಿಗೆ ನೀರು ಹಾಕಬೇಡಿ, ಕೈಗೆ ಕಬ್ಬಿಣ ಕೊಡೋ ಥರದ್ದೇನೂ ಮಾಡಬೇಡಿ. ಬಿದ್ದು ಪೆಟ್ಟಾಗದ ಹಾಗೆ ಸುತ್ತ ಬಟ್ಟೆ ಇಟ್ಟು, ಟಿವಿ ಆಫ್ ಮಾಡಿ, ಲೈಟ್ ಕಮ್ಮಿ ಮಾಡಿ. ನಿಂತ ಮೇಲೆ ಟವೆಲ್ಲಿನಲ್ಲಿ ಸಡಿಲವಾಗಿ ಸುತ್ತಿ ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಫಿಟ್ಸ್ ನಿಲ್ಲೋಕೂ, ನೋವಿಗೂ ಅವರ ಹತ್ರ ಔಷಧಿ ಇದೆ. ನುಸಿ ಹೋದ ಮೇಲೆ ಇವೂ ಸಾಮಾನ್ಯವಾಗಿ ನಿಲ್ಲುತ್ತವೆ.

ಹಾಗೇ ಇನ್ನೊಂದು ತುರ್ತು: ಊಟ ಬಿಡೋದು. ನಾವು ಒಂದು ಹೊತ್ತು ಉಪವಾಸ ಮಾಡಿದ ಹಾಗಲ್ಲ ಇದು. ಗಿನಿಪಿಗ್ ಅರ್ಧ ದಿನ ಏನೂ ತಿನ್ನದಿದ್ರೆ, ಹಿಕ್ಕೆ ಹಾಕದಿದ್ರೆ ಕರುಳು ನಿಂತುಹೋಗೋ ಅಪಾಯ ಇದೆ. "ನಾಳೆ ನೋಡೋಣ" ಅನ್ನಬೇಡಿ.

ಎಲ್ಲಿಗೆ ಹೋಗೋದು, ಏನು ಹೇಳೋದು

ಹತ್ತಿರದ ತಾಲ್ಲೂಕು ಪಶು ಆಸ್ಪತ್ರೆಯಿಂದ ಶುರು ಮಾಡಬಹುದು. ಅಲ್ಲಿನ ಡಾಕ್ಟ್ರು ದಿನಾ ನೋಡೋದು ಹಸು, ಎಮ್ಮೆ, ಕುರಿ, ನಾಯಿ. ಗಿನಿಪಿಗ್ ಅಪರೂಪ. ಹಾಗಂತ ಸಂಕೋಚ ಬೇಡ. ನುಸಿ, ಅದರ ಔಷಧಿ, ಸ್ಯಾಂಪಲ್ ನೋಡೋ ವಿಧಾನ ಅವರಿಗೆ ಚೆನ್ನಾಗಿ ಗೊತ್ತಿರೋ ವಿಷಯ. ಹೆಚ್ಚಿನ ಪರೀಕ್ಷೆ ಬೇಕಂದ್ರೆ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿ ಚಿಕಿತ್ಸೆಯೂ ಇದೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರೋರು ಮೊದಲೇ ಫೋನ್ ಮಾಡಿ ಟೈಮ್ ಕೇಳಿಕೊಂಡು ಹೊರಡಿ.

ಹೋಗುವಾಗ ಇಷ್ಟು ಮಾಡಿ:

- ಮನೆ ಬಿಡೋ ಮುಂಚೆ ಅಡುಗೆ ಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬುಟ್ಟಿ ಸಮೇತ ಇಟ್ಟು, ಬುಟ್ಟಿ ತೂಕ ಕಳೆದು ಗ್ರಾಂ ಲೆಕ್ಕದಲ್ಲಿ ಬರ್ಕೊಳ್ಳಿ. ತಕ್ಕಡಿ ಇಲ್ಲದಿದ್ರೆ ದಿನಸಿ ಅಂಗಡಿಯಲ್ಲಿ ಕೇಳಿ
- ತುರಿಕೆ ಯಾವಾಗ ಶುರುವಾಯ್ತು, ಮನೇಲಿ ಬೇರೆ ಎಷ್ಟಿವೆ, ಯಾರಿಗಾದ್ರೂ ಮೈ ಕಡಿತ ಇದ್ಯಾ ಅನ್ನೋದು ಹೇಳಿ
- ಈಗಾಗಲೇ ಹಚ್ಚಿದ, ಕುಡಿಸಿದ ಎಲ್ಲವನ್ನೂ ಮುಚ್ಚಿಡದೇ ಹೇಳಿ. ಬೈತಾರೆ ಅಂತ ಸುಮ್ಮನಾದ್ರೆ ಡೋಸ್ ಮೇಲೆ ಡೋಸ್ ಬೀಳುತ್ತೆ
- ಫಿಟ್ಸ್ ಬಂದಿದ್ರೆ ಮೊಬೈಲಲ್ಲಿ ವಿಡಿಯೋ ತೋರಿಸಿ
- ಗಾಳಿ ಆಡೋ ಬುಟ್ಟಿಯಲ್ಲಿ ಬಟ್ಟೆ, ಸ್ವಲ್ಪ ಹುಲ್ಲು ಹಾಕಿ, ಬೆಳಗ್ಗೆ ತಂಪಲ್ಲೇ ಹೊರಡಿ. ಬಿಸಿಲಿನ ಝಳ ಇದಕ್ಕೆ ಆಗಲ್ಲ

"ಎಷ್ಟು ತೂಕಕ್ಕೆ ಎಷ್ಟು ಕೊಟ್ರಿ ಸಾರ್, ಮುಂದಿನದು ಯಾವಾಗ?" ಅಂತ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡನೇ ಸಲ ಬೇರೆ ಡಾಕ್ಟ್ರು ಇದ್ರೂ ತೊಂದ್ರೆ ಆಗಲ್ಲ.

ಪಂಜರದ ಕೆಲಸ

ಪ್ರತಿ ಡೋಸ್ ಕೊಟ್ಟ ದಿನವೇ ಪಂಜರ ಪೂರ್ತಿ ಖಾಲಿ ಮಾಡಿ. ಹಾಸಿದ್ದ ಹುಲ್ಲು, ಪೇಪರ್ ಎಲ್ಲಾ ಚೀಲಕ್ಕೆ ತುಂಬಿ ಬಿಸಾಡಿ. ಬಟ್ಟೆ ಹಾಸಿದ್ರೆ ಬಿಸಿ ನೀರಲ್ಲಿ ಒಗೆಯಿರಿ. ಪಂಜರ, ತಟ್ಟೆಗಳನ್ನ ಸೋಪು ಬಿಸಿ ನೀರಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಇಡಿ. ಮಳೆ ಹಿಡಿದಿದ್ರೆ ಒಲೆ ಹತ್ರ ಇಲ್ಲವೇ ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ. ಮರದ ಪೆಟ್ಟಿಗೆ, ರಟ್ಟಿನ ಡಬ್ಬ ಇದ್ರೆ ಸಂದಿಯಲ್ಲಿ ನುಸಿ ಉಳಿಯುತ್ತೆ, ರಟ್ಟನ್ನ ಎಸೆದುಬಿಡಿ.

ಸಾಮಿಲ್‌ನಿಂದ ತಂದ ಮರದ ಹೊಟ್ಟು ಅಗ್ಗ, ನಿಜ. ಆದ್ರೆ ಅದರ ಧೂಳು ಮೂಗಿಗೂ ಚರ್ಮಕ್ಕೂ ಕಿರಿಕಿರಿ. ಚಿಕಿತ್ಸೆ ಮುಗಿಯೋವರೆಗೆ ಹಳೇ ಕಾಟನ್ ಬಟ್ಟೆ, ಪೇಪರ್ ಸಾಕು. ಚಾವಡಿಯಲ್ಲಿ ಎರಚಲು ಬೀಳೋ ಜಾಗದಿಂದ ಪಂಜರ ಒಳಗೆ ತನ್ನಿ. ಉಗುರು ಉದ್ದ ಇದ್ರೆ ಡಾಕ್ಟ್ರ ಹತ್ರ ಕತ್ತರಿಸಿಕೊಂಡು ಬನ್ನಿ, ಕೆರೆದಾಗ ಗಾಯ ಕಮ್ಮಿ ಆಗುತ್ತೆ.

ಊಟದಲ್ಲಿ ವಿಟಮಿನ್ ಸಿ

ನಾಯಿ, ಬೆಕ್ಕು, ಹಸುಗಳ ಮೈಯಲ್ಲಿ ವಿಟಮಿನ್ ಸಿ ತಾನಾಗೇ ತಯಾರಾಗುತ್ತೆ. ಗಿನಿಪಿಗ್‌ಗೆ ನಮ್ಮ ಹಾಗೇ ಊಟದಿಂದಲೇ ಸಿಗಬೇಕು. ದಿನಕ್ಕೆ ಕೆಜಿಗೆ 10ರಿಂದ 30 ಮಿಲಿಗ್ರಾಂ ಬೇಕು. ಸಿಗದಿದ್ರೆ ಚರ್ಮ ಒರಟಾಗುತ್ತೆ, ಗಾಯ ಮಾಯಲ್ಲ, ರೋಗ ತಡೆಯೋ ಶಕ್ತಿ ಕುಗ್ಗುತ್ತೆ, ನುಸಿಗೆ ಹಬ್ಬ. ಮೊಲಕ್ಕೆ ಅಂತ ಮಾರೋ ಪೆಲೆಟ್ ಕೊಟ್ಟು ಬೆಳೆಸಿದ ಗಿನಿಪಿಗ್‌ಗಳಿಗೆ ಈ ಕೊರತೆ ಆಗೋದು ಹೆಚ್ಚು.

ದುಬಾರಿ ಆಹಾರ ಏನೂ ಬೇಡ. ದಿನಾ ಒಂದು ತುಂಡು ದೊಣ್ಣೆ ಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಸೊಪ್ಪು, ಆಗಾಗ ಒಂದು ಸಣ್ಣ ಹೋಳು ಸೀಬೆಹಣ್ಣು ಸಾಕು. ಊಟದ ದೊಡ್ಡ ಪಾಲು ಹುಲ್ಲೇ ಆಗಿರಬೇಕು. ಗಣಪತಿಗೆ ಏರಿಸೋ ಗರಿಕೆ ಇದಕ್ಕೆ ಬಲು ಇಷ್ಟ. ತೋಟಕ್ಕೆ ಔಷಧಿ ಹೊಡೆದ ಜಾಗದಿಂದ, ರಸ್ತೆ ಪಕ್ಕದಿಂದ ಕೀಳಬೇಡಿ. ತೊಳೆದು, ನೀರು ಆರಿಸಿ ಕೊಡಿ. ಕುಡಿಯೋ ನೀರಿಗೆ ವಿಟಮಿನ್ ಹನಿ ಹಾಕಿದ್ರೆ ಬೇಗ ಶಕ್ತಿ ಕಳ್ಕೊಳ್ಳುತ್ತೆ, ಅದನ್ನ ನಂಬಿಕೊಂಡು ಇರಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಅನ್ನ, ಬಿಸ್ಕತ್ತು ಬೇಡ.

ಮನೆ ಮಂದಿಗೆ ಅಂಟುತ್ತಾ?

ಗಿನಿಪಿಗ್ ನುಸಿ ಎತ್ತಿಕೊಂಡವರ ಕೈ, ಹೊಟ್ಟೆ ಮೇಲೆ ಕೆಂಪು ಗುಳ್ಳೆ, ಕಡಿತ ತರಬಹುದು. ಆದ್ರೆ ಮನುಷ್ಯರ ಮೈಯಲ್ಲಿ ಅದು ಸಂಸಾರ ಹೂಡಲ್ಲ. ಪ್ರಾಣಿಗೆ ಚಿಕಿತ್ಸೆ ಆದ್ರೆ ಇದೂ ಇಳಿಯುತ್ತೆ. ಹುಳಕಡ್ಡಿ ಹಾಗಲ್ಲ. ಅದು ಸಲೀಸಾಗಿ ಅಂಟುತ್ತೆ, ಮಕ್ಕಳಿಗೆ ಇನ್ನೂ ಬೇಗ. ಮಗುವಿನ ಮೈಯಲ್ಲಿ ದುಂಡಗೆ ಕೆಂಪು ಮಚ್ಚೆ ಕಂಡ್ರೆ ಚರ್ಮದ ಡಾಕ್ಟ್ರಿಗೆ ತೋರಿಸಿ, "ಮನೇಲಿ ಗಿನಿಪಿಗ್ ಇದೆ" ಅಂತಾನೂ ಹೇಳಿ. ಮೆಡಿಕಲ್ ಶಾಪಿನಲ್ಲಿ ಸಿಗೋ ಸ್ಟೀರಾಯ್ಡ್ ಬೆರೆಸಿದ ತುರಿಕೆ ಕ್ರೀಮ್ ಹಚ್ಚಿದ್ರೆ ಮೊದಲು ಕಮ್ಮಿ ಆದಂಗೆ ಕಂಡು ಆಮೇಲೆ ದುಪ್ಪಟ್ಟು ಹರಡುತ್ತೆ.

ಚಿಕಿತ್ಸೆ ಮುಗಿಯೋವರೆಗೆ ಮಕ್ಕಳು ಗಿನಿಪಿಗ್‌ನ ಹಾಸಿಗೆಗೆ ಕರ್ಕೊಂಡು ಹೋಗೋದು ಬೇಡ. ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೆಯಲಿ.

ಬಿಟ್ಟು ಬರಬೇಡಿ

"ಮಕ್ಕಳಿಗೆ ಅಂಟುತ್ತೆ" ಅನ್ನೋ ಹೆದರಿಕೆಗೆ ಗಿನಿಪಿಗ್‌ನ ತೋಟದಲ್ಲೋ ಕಾಡಂಚಲ್ಲೋ ಬಿಟ್ಟು ಬರೋ ಯೋಚನೆ ಬರಬಹುದು. ಅದು ಸಾವಿರಾರು ವರ್ಷದಿಂದ ಮನುಷ್ಯರ ಮನೆಯಲ್ಲೇ ಬೆಳೆದ ಪ್ರಾಣಿ. ಬೆಕ್ಕು, ನಾಯಿ, ಹಾವಿಗೆ ಒಂದು ರಾತ್ರಿಯ ಊಟ ಅಷ್ಟೇ. ಸಾಕಿದ ಪ್ರಾಣಿಯನ್ನ ಹಸಿವು ಬಾಯಾರಿಕೆಗೆ ಬಿಟ್ಟು ಬರೋದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಪ್ರಕಾರ ಅಪರಾಧ ಕೂಡ.

ಅಷ್ಟಕ್ಕೂ ಬಿಡೋ ಅಗತ್ಯವೇ ಇಲ್ಲ. ಮೂರು ಡೋಸ್ ಸರಿಯಾಗಿ ಆದ್ರೆ ಮೊದಲ ಎರಡು ವಾರದಲ್ಲಿ ಕೆರೆತ ಇಳಿಯುತ್ತೆ, ಹಕ್ಕಳೆ ಉದುರುತ್ತೆ. ತಿಂಗಳು, ಒಂದೂವರೆ ತಿಂಗಳಲ್ಲಿ ಬೋಳಾದ ಜಾಗದಲ್ಲಿ ನುಣುಪಾದ ಹೊಸ ಕೂದಲು ಕಾಣಿಸುತ್ತೆ. ಅಲ್ಲಿಂದ ಮುಂದೆ ವಾರಕ್ಕೊಮ್ಮೆ, ಭಾನುವಾರ ಅಂತಲೇ ಇಟ್ಕೊಳ್ಳಿ, ತೂಕ ಹಾಕಿ, ಕೂದಲು ಬಿಡಿಸಿ ಬೆನ್ನು, ಕುತ್ತಿಗೆ, ತೊಡೆ ನೋಡಿ. ಐದು ನಿಮಿಷದ ಕೆಲಸ. ತೂಕ ಒಂದೇ ವಾರದಲ್ಲಿ 50 ಗ್ರಾಂಗಿಂತ ಜಾಸ್ತಿ ಇಳಿದಿದ್ರೆ, ಚರ್ಮದಲ್ಲಿ ಹೊಟ್ಟು ಕಂಡ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ. ಬೇವಿನ ಎಣ್ಣೆ ಬಾಟಲಿ ಅದರ ಜಾಗದಲ್ಲೇ ಇರಲಿ.